ಸಂತ ರೊಕ್ಕೊನ ನಾಯಿಯ ಬಾಲ

ಆ ನಾಯಿಯನ್ನು ಉಳಿಸಲು ಕಾರ್ಯಾಗಾರದವರನ್ನೆಲ್ಲ ಎದುರು ಹಾಕಿಕೊಂಡವಳು ಒರ್ನೆಲ್ಲ. ಅದರ ಬಾಲ ಅಳಿಸಿದವಳೂ ಅವಳೇ.

ಬೆಟ್ಟದೂರಿನ ಚರ್ಚಿನಿಂದ ಫ್ಲಾರೆನ್ಸಿನಲ್ಲಿ ಅವಳು ಹಳೆಯ ಚಿತ್ರಗಳನ್ನು ದುರಸ್ತಿ ಮಾಡುತ್ತಿದ್ದ ಆ ಕಾರ್ಯಾಗಾರಕ್ಕೆ ಬಂದಿದ್ದ ಮರದ ಹಲಗೆಯ ಮೇಲೆ ಐನೂರು ವರ್ಷದ ಸಂತ ರೊಕ್ಕೊ ನಿಂತಿದ್ದ. ಕಾಡಿನಲ್ಲಿ ಕಾಯಿಲೆ ಬಿದ್ದವನಿಗೆ ರೊಟ್ಟಿ ತಂದುಕೊಟ್ಟು, ಹುಣ್ಣು ನೆಕ್ಕಿ ಬದುಕಿಸಿದ್ದು ನಾಯಿಯಂತೆ, ಹಾಗಾಗಿ ಈ ಸಂತನ ಪಕ್ಕ ನಾಯಿ ಇರಲೇಬೇಕು. ಮೂಲ ಚಿತ್ರಕಾರ ಯಾಕೋ ಮರೆತಿದ್ದ. ಎಷ್ಟೋ ಕಾಲದ ಮೇಲೆ ಊರವರು ಯಾರಿಂದಲೋ ಒಂದನ್ನು ಬರೆಸಿ ಸೇರಿಸಿದ್ದರು. ನೋಡಲು ಅದು ಹೆಚ್ಚುಕಡಿಮೆ ಕುರಿಯೇ. ಊರಿಗೆ ಮಾತ್ರ ಸಂತನಿಗಿಂತ ಅದರ ಮೇಲೇ ಅಕ್ಕರೆ. ನಾಯಿಗೇನಾದರೂ ಆದರೆ ಸಂತನನ್ನೂ ನೀವೇ ಇಟ್ಟುಕೊಳ್ಳಿ ಎಂದು ಹೇಳಿಯೇ ಚರ್ಚಿನ ಬೀಗದ ಕೈ ಕಾಯುವ ಮುದುಕಿ ಆರ್ಮಿದಾ ಹಲಗೆ ಕಳಿಸಿದ್ದಳು. ಕಾರ್ಯಾಗಾರದ ಯಜಮಾನ ಗ್ವಾಲ್ತಿಯೇರೋ, ಆಮೇಲೆ ಬಂದದ್ದನ್ನು ಕೆರೆದು ತೆಗೆಯಬೇಕು ಎಂದಾಗ ಒರ್ನೆಲ್ಲ ಹಟ ಹಿಡಿದು ನಾಯಿಯನ್ನು ಗೆದ್ದುಕೊಂಡಳು.

ಹಳೆಯ ಕೊಳೆಗೆ ಉಗುಳಿನಂಥ ಮದ್ದಿಲ್ಲ ಎಂಬುದು ಅಲ್ಲಿಯವರ ನಂಬಿಕೆ. ಹತ್ತಿ ಸುತ್ತಿದ ಕಡ್ಡಿಯನ್ನು ನಾಲಿಗೆಗೆ ಒತ್ತಿ ಒರೆಸುವುದು ಅವರ ದಿನದ ಕೆಲಸ. ಸಂತನ ನಿಲುವಂಗಿ ಚೆನ್ನಾಗಿ ಬೆಳಗಿತೆಂಬ ಹುಮ್ಮಸ್ಸಿನಲ್ಲಿ ಒರ್ನೆಲ್ಲ ಮೂಲೆಯಲ್ಲಿ ಪರೀಕ್ಷಿಸಿ ನೋಡದೆ ನಾಯಿಗೂ ಕೈ ಹಾಕಿದಳು. ಸಂತನದು ಗಟ್ಟಿ ಎಣ್ಣೆಬಣ್ಣ, ನಾಯಿಯದು ಒದ್ದೆ ತಾಗಿದರೆ ಕರಗುವ ಅಗ್ಗದ ಅಂಟುಬಣ್ಣ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ನಾಯಿ ಬಾಲ ಡೊಂಕು ಎಂದು ಜನ ಆಡಿಕೊಳ್ಳುತ್ತಾರೆ. ಇಲ್ಲಿ ಡೊಂಕಾಗಲೂ ಬಾಲ ಉಳಿದಿರಲಿಲ್ಲ.

ಹಲಗೆ ಬಂದಾಗ ತೆಗೆದ ಫೋಟೋ ನೋಡಿಕೊಂಡು ಬಾಲ ಬರೆದಳು. ಅದಕ್ಕೂ ಒಂದು ಕಟ್ಟಳೆ ಇತ್ತು: ಹೊಸದನ್ನು ಹಳೆಯದೆಂದು ನಂಬಿಸಬಾರದು, ಕೂದಲಿನಷ್ಟು ಸಣ್ಣ ಗೆರೆಗಳನ್ನು ಪಕ್ಕಪಕ್ಕ ಎಳೆದೇ ತುಂಬಬೇಕು. ದೂರಕ್ಕೆ ಗೆರೆಗಳು ಕೂಡಿಕೊಂಡು ಬಾಲವಾಗುತ್ತವೆ, ಹತ್ತಿರಕ್ಕೆ ಬಿಡಿಬಿಡಿಯಾಗಿ ಕಾಣುತ್ತವೆ. ಹಲಗೆ ಒಯ್ಯಲು ಮುದುಕಿ ಬಂದಾಗ ಅವಳನ್ನು ದೂರವೇ ನಿಲ್ಲಿಸಿ ಸುಮ್ಮನಿರು ಎಂದು ಗ್ವಾಲ್ತಿಯೇರೋ ಬುದ್ಧಿ ಹೇಳಿದ.

ಆರ್ಮಿದಾ ದೂರ ನಿಲ್ಲುವ ಜಾತಿಯವಳಲ್ಲ. ಬಂದವಳೇ ಸಂತನ ಕಡೆ ಕಣ್ಣೂ ಹಾಯಿಸದೆ ನಾಯಿಗೆ ಮೂಗು ತಾಗಿಸುವಷ್ಟು ಬಗ್ಗಿದಳು.

"ಬಾಲಕ್ಕೆ ಏನ್ ಮಾಡಿದ್ರಿ?"

ಗ್ವಾಲ್ತಿಯೇರೋ ಕೆಮ್ಮಿದ. ಒರ್ನೆಲ್ಲಳಿಗೆ ಸುಳ್ಳು ಬಾಯಿಗೆ ಬರಲಿಲ್ಲ.

"ನಾನೇ ಅಳಿಸಿಬಿಟ್ಟೆ ಅಮ್ಮಾ. ಉಗುಳು ಹಚ್ಚಿ ಒರೆಸ್ತಿದ್ದೆ, ಬಂದ್ಬಿಡ್ತು. ಈಗಿರೋದು ನಾನು ಬರೆದದ್ದು."

ಇನ್ನು ಸಂತ ಇಲ್ಲೇ ಉಳಿದ, ಆ ಊರಿಗೆ ತಾನು ಮುಖ ತೋರಿಸುವಂತಿಲ್ಲ ಎಂದುಕೊಂಡಳು. ಮುದುಕಿ ತಲೆಯನ್ನು ಎಡಕ್ಕೆ ವಾಲಿಸಿದಳು, ಬಲಕ್ಕೆ ವಾಲಿಸಿದಳು, ಮತ್ತೆ ಎಡಕ್ಕೆ. ಸಣ್ಣ ಗೆರೆಗಳು ಅವಳ ಕಣ್ಣೆದುರು ಕದಲಿದವು.

"ಅಲ್ಲಾಡಿಸ್ತಾ ಇದೆ," ಎಂದಳು ನಿಧಾನವಾಗಿ. "ಹುಡುಗಿಯಾಗಿದ್ದಾಗಿಂದ ಇದರ ಧೂಳು ಒರೆಸ್ತಿದೀನಿ, ನನ್ನ ಕಂಡು ಒಂದಿನ ಬಾಲ ಅಲ್ಲಾಡಿಸಿದ್ದಿಲ್ಲ." ಒರ್ನೆಲ್ಲಳನ್ನು ಮೇಲಿಂದ ಕೆಳಗೆ ನೋಡಿದಳು. "ನೆಕ್ಕಿದೋರಿಗೇ ಒಲಿಯೋದು ನೋಡು ನಾಯಿ. ಕಟ್ಟಿಸು, ಊರಿಗೆ ಕರ್ಕೊಂಡು ಹೋಗ್ತೀನಿ."