ಅರ್ಗಿರೋ ಅತ್ತೆ ತಿಂದ ದಾಳಿಂಬೆ

ನಮ್ಮೂರಿನ ಅರ್ಗಿರೋ ಅತ್ತೆ ದೇವರುಗಳನ್ನು ಬೈಯುತ್ತಿದ್ದಳು. ಅದೂ ಎಂಥ ಬೈಗುಳ! ಪಕ್ಕದ ಮನೆಯ ಕೋಳಿ ಬೇಲಿ ನುಸುಳಿ ಬಂದಾಗ ಬೈಯುವ ಹಾಗೆ, ಸೊಂಟಕ್ಕೆ ಕೈಕೊಟ್ಟು, ಹೆಸರು ಹಿಡಿದು! ಗುಡುಗಿದರೆ ಜೀಯಸ್‌ಗೆ, "ಸಾಕು ನಿಲ್ಸೋ, ಕೇಳಿಸ್ತು!" ಭಾನುವಾರ ತಪ್ಪದೆ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚುವವಳೇ, ಆದರೂ ಆ ಹಳೆಯ ಗ್ರೀಕ್ ದೇವರುಗಳು ಅವಳ ಪಾಲಿಗೆ ನಮ್ಮ ಕ್ರೀಟ್ ದ್ವೀಪ ಬಿಟ್ಟು ಹೋಗಲು ಒಪ್ಪದ ಹಳೇ ಒಕ್ಕಲುಗಳು. ಗಂಡನ ಉದ್ದನೆಯ ಕಂದು ಕೋಟು, ಅದರ ಜೇಬಿನಲ್ಲಿ ಸದಾ ಗಡಗಡ ಎನ್ನುವ ಅಕ್ರೋಟು. ಇಳಿಜಾರಿನಲ್ಲಿ ಇಳಿಯುವಾಗಲೂ ಗುಡ್ಡ ಹತ್ತುವವಳಂತೆ ಮುಂದಕ್ಕೆ ಬಾಗಿ ನಡೆಯುವ ಆ ಅವಸರದ ನಡಿಗೆ!

ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವನು ಪಾತಾಳದೊಡೆಯ ಹೇಡೀಸ್. "ಹೂ ಕೀಳ್ತಿದ್ದ ಮಗೂನ ಹೊತ್ಕೊಂಡು ಹೋದ ಕಳ್ಳ! ಪಾಪ, ಪರ್ಸೆಫನಿ ಹಸಿವಾಯ್ತು ಅಂತ ಅವನು ಕೊಟ್ಟ ದಾಳಿಂಬೆ ಕಾಳು ಬಾಯಿಗೆ ಹಾಕ್ಕೊಂಡ್ಲು. ಅಲ್ಲಿಗೆ ಮುಗೀತು, ಅಲ್ಲಿಂದು ತಿಂದೋರು ಅಲ್ಲಿಗೇ ಕಟ್ಟುಬಿದ್ದ ಹಾಗೆ. ತಿಂದ ಕಾಳು ಎಣಿಸಿ, ಕಾಳಿಗೊಂದು ತಿಂಗಳ ಲೆಕ್ಕದಲ್ಲಿ ವರ್ಷಾ ವರ್ಷಾ ಪಾತಾಳಕ್ಕೆ ಹೋಗ್ಲೇಬೇಕು."

ಈ ಸಿಟ್ಟಿಗೆ ಕಾರಣವಿತ್ತು. ಜರ್ಮನ್ನರು ದ್ವೀಪ ಹಿಡಿದ ಎರಡನೆಯ ವರ್ಷ, ಅವಳ ಜೊತೆ ನಿಶ್ಚಯವಾಗಿದ್ದ ಮನೂಸೋಸ್ ಬೆಟ್ಟದ ಬಂಡಾಯಗಾರರನ್ನು ಸೇರಿ, ತೊಡೆಗೆ ಗುಂಡು ತಗುಲಿ, ಊರ ಮೇಲಿನ ಗುಹೆಯಲ್ಲಿ ಬಿದ್ದಿದ್ದ. ಅವನನ್ನು ಒಪ್ಪಿಸದಿದ್ದರೆ ಊರನ್ನೇ ಸುಡುವುದಾಗಿ ಅಪ್ಪಣೆಯಾಯಿತು. ಊರವರು ಮನೂಸೋಸ್ ಸತ್ತನೆಂದು ಸಾರಿ, ಪೆಟ್ಟಿಗೆಗೆ ಕಲ್ಲು ತುಂಬಿ ಮೊಳೆ ಹೊಡೆದು, ಎದೆ ಬಡಿದುಕೊಂಡು ಅತ್ತು ಮಣ್ಣುಮಾಡಿದರು.

ನಲವತ್ತನೆಯ ದಿನ ಸತ್ತವರ ಹೆಸರಿನಲ್ಲಿ ಗೋಧಿ ಬೇಯಿಸಿ, ಜೇನು, ಬಾದಾಮಿ, ದ್ರಾಕ್ಷಿ ಬೆರೆಸಿ, ಮೇಲೆ ದಾಳಿಂಬೆ ಉದುರಿಸಿ ಹಂಚುವುದು ನಮ್ಮ ರೂಢಿ. ಅರ್ಗಿರೋ ಎಲ್ಲವನ್ನೂ ಹಾಕಿದಳು, ದಾಳಿಂಬೆಯೊಂದನ್ನು ಬಿಟ್ಟು.

"ಬದುಕಿರೋನ ಹೆಸರಲ್ಲಿ ಅದನ್ನ ಉದುರಿಸಿದ್ರೆ ನಾನೇ ಅವನನ್ನ ಕೆಳಗೆ ಕಟ್ಟಿಹಾಕಿದ ಹಾಗೆ, ಸ್ವಾಮಿ."

"ಮೂಢನಂಬಿಕೆ ಕಣೇ!" ಎಂದು ಪಾದ್ರಿ ಸೀಫಿಸ್ ಗದರಿದರು. ಗದರಿದರೇ ಹೊರತು ತಾವೂ ಒಂದು ಹಣ್ಣು ಕೀಳಲಿಲ್ಲ.

ಅಷ್ಟರಲ್ಲಿ ಚರ್ಚಿನ ಬಳಿಗೆ ಜರ್ಮನ್ ಅಧಿಕಾರಿ ಬಂದ. ತನ್ನೂರಿನಲ್ಲಿ ಹಳಗಾಲದ ಗ್ರೀಕ್ ಪಾಠ ಹೇಳುತ್ತಿದ್ದ ಮೇಷ್ಟ್ರಂತೆ ಅವನು. ಬಾಯಿ ತೆರೆದರೆ ಶಿಲಾಶಾಸನ. ತಟ್ಟೆಯನ್ನು ನೋಡಿದ, ಅಂಗಳದಲ್ಲಿ ಹಣ್ಣಿನ ಭಾರಕ್ಕೆ ಬಾಗಿದ್ದ ಮರವನ್ನು ನೋಡಿದ.

"ಎಲೌ ಕನ್ಯೆ, ಇದರೊಳ್ ದಾಳಿಂಬಮೆಲ್ಲಿ?"

ಬೇರೆ ದಿನವಾಗಿದ್ದರೆ ಊರೇ ಬಿದ್ದು ಬಿದ್ದು ನಗುತ್ತಿತ್ತು. ಅಂದು ಹಣ್ಣು ಹಾಕದಿದ್ದರೆ ಅನುಮಾನ, ಗುಹೆಯ ಶೋಧ, ಬೆಂಕಿ. ಹಾಕಿದರೆ, ಅವಳ ಪಾಲಿಗೆ, ಮನೂಸೋಸ್ ನಿಜವಾಗಿಯೂ ಹೋದ.

ಅರ್ಗಿರೋ ಮರದ ಬಳಿ ನಡೆದು, ದೊಡ್ಡದೊಂದು ಹಣ್ಣು ಕಿತ್ತು, ಚರ್ಚಿನ ಮೆಟ್ಟಿಲಿಗೆ ಅಪ್ಪಳಿಸಿ, ಕಾಳುಗಳನ್ನು ಗೋಧಿಯ ಮೇಲೆ ಉದುರಿಸಿದಳು. ಮರುಕ್ಷಣವೇ ತಟ್ಟೆಯನ್ನು ಮಡಿಲಿಗೆಳೆದುಕೊಂಡು ನೆಲದ ಮೇಲೆ ಕೂತು, ಗಟ್ಟಿಯಾಗಿ ಅಳುತ್ತ, ಎರಡೂ ಕೈಯಿಂದ ಬಾಚಿ ಬಾಚಿ ತಿಂದಳು. ಒಂದು ಕೆಂಪು ಕಾಳೂ ಬೇರೆಯವರ ಬಾಯಿಗೆ ಹೋಗಗೊಡಲಿಲ್ಲ. ಹೆಣ್ಣಿನ ದುಃಖವೆಂದುಕೊಂಡ ಅಧಿಕಾರಿ ಟೋಪಿ ತೆಗೆದು, ತಲೆ ಬಾಗಿಸಿ, ಹೊರಟೇ ಹೋದ.

"ಏನು ಮಾಡ್ಕೊಂಡೆ ಹುಡುಗಿ?" ಎಂದರು ಪಾದ್ರಿ.

"ಕಟ್ಟೋದಾದ್ರೆ ನನ್ನ ಕಟ್ಲಿ. ಅವನು ಒಂದು ಕಾಳೂ ಮುಟ್ಟಿಲ್ಲ."

ಮನೂಸೋಸ್ ಉಳಿದ. ಯುದ್ಧ ಮುಗಿಯಿತು, ಮದುವೆಯಾಯಿತು, ಮೂವರು ಹೆಣ್ಣುಮಕ್ಕಳಾದರು. ಆದರೆ ಪ್ರತಿ ವರ್ಷ ದಾಳಿಂಬೆ ಬಿರಿಯುವ ಹೊತ್ತಿಗೆ ಅತ್ತೆ ರೊಟ್ಟಿ, ಗಿಣ್ಣು, ಕಂಬಳಿ ಹೊತ್ತು ಅದೇ ಗುಹೆಗೆ ಹೋಗಿ ಒಂದು ವಾರ ಒಬ್ಬಳೇ ಇದ್ದು ಬರುತ್ತಿದ್ದಳು.

"ನಾನು ಅಡಗಿದ್ದು ಒಂದೇ ಚಳಿಗಾಲ, ಇವಳು ಮೂವತ್ತು ವರ್ಷದಿಂದ ಅಡಗ್ತಾನೇ ಇದ್ದಾಳೆ!" ಎಂದು ಮನೂಸೋಸ್ ಕಾಫಿ ಅಂಗಡಿಯಲ್ಲಿ ನಗಿಸುತ್ತಿದ್ದ.

ಇನ್ನೆಷ್ಟು ವರ್ಷ ಅತ್ತೆ ಎಂದು ನಾವು ಕೇಳಿದರೆ ರೇಗುತ್ತಿದ್ದಳು: "ಎಣಿಸ್ಕೊಂಡು ತಿನ್ನೋ ಹೊತ್ತಾ ಅದು? ಬಾಯಿ ತುಂಬ ತಿಂದೆ."

ಯಾರೂ ಕೇಳದ ಮಾತನ್ನು ಕೊಟ್ಟು, ಯಾರೂ ನೆನಪಿಸದಿದ್ದರೂ ಅದನ್ನು ನಡೆಸುವ ಜನ ಇವರು. ಇಂಥವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಇವರನ್ನು ಪ್ರೀತಿಸುವವರಿಗೆ ಉಳಿಯುವುದು ಮನೂಸೋಸ್ ಮಾಡುತ್ತಿದ್ದ ಕೆಲಸವಷ್ಟೇ: ನಗುವವರನ್ನು ನಗಿಸಿ, ಮನೆಗೆ ಬಂದು ಬುತ್ತಿ ಕಟ್ಟಿಕೊಟ್ಟು, ಅವರು ಹಿಂತಿರುಗುವವರೆಗೆ ಒಲೆ ಆರದಂತೆ ನೋಡಿಕೊಳ್ಳುವುದು.