ಗೆರೆಯಿಲ್ಲದ ತೋಳು

“ಮನ್ನಿಸಿದ್ದೀರೋ ಇಲ್ಲವೋ, ಅಷ್ಟು ಹೇಳಿ ಸಾಕು,” ಎಂದರು ವಕೀಲರು.

ಇಸ್ತ್ರಿ ಅಂಗಡಿಯವನು ತನ್ನ ತೊಡೆಯ ಮೇಲಿದ್ದ ಕರಿಕೋಟನ್ನು ನೋಡಿದ. ವಕೀಲರದೇ ಕೋಟು. ಬೆಳಿಗ್ಗೆ ಇಸ್ತ್ರಿ ಮಾಡಿ ತಂದವನು ಕೊಡುವುದನ್ನು ಮರೆತು, ಮಲಗಿದ ಮಗುವನ್ನು ಇಟ್ಟುಕೊಂಡಂತೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ.

“ಅದು ಹೇಗೆ ಗೊತ್ತಾಗುತ್ತೆ ಸಾರ್?”

ಅವನು ಮೊದಲು ಹೋದದ್ದು ಠಾಣೆಗೆ. ಹೆಂಡತಿಗೂ ಶಾಲೆಯ ಚಿತ್ರದ ಮೇಷ್ಟ್ರಿಗೂ ಸಂಬಂಧ ಇದೆ, ಆ ಮನುಷ್ಯನನ್ನು ಒಳಗೆ ಹಾಕಿ ಎಂದು ಕೇಳಿದ್ದ. “ಅದು ಈಗ ಅಪರಾಧ ಅಲ್ಲಪ್ಪ. ಆ ಸೆಕ್ಷನ್ನೇ ಹೋಯ್ತು. ಬೇಕಿದ್ರೆ ಡಿವೋರ್ಸ್ ತಗೋ, ಅದಕ್ಕೆ ಇದು ಕಾರಣ ಆಗುತ್ತೆ,” ಎಂದಿದ್ದ ಮುಖ್ಯಪೇದೆ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿ, “ನನ್ನ ಪ್ಯಾಂಟ್ ಆಯ್ತೇನಯ್ಯಾ?” ಎಂದೂ ಕೇಳಿದ್ದ.

ಚಿತ್ರದ ಮೇಷ್ಟ್ರನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ಮುದುರು ಮೇಷ್ಟ್ರು ಎಂದು. ಸದಾ ಮುದುರಿದ ಅಂಗಿ, ಒಂದು ದಿನವೂ ಅಂಗಡಿಗೆ ಬಟ್ಟೆ ಕೊಟ್ಟವರಲ್ಲ. ಮೂರು ವಾರದ ಹಿಂದೆ ಹಾಲಿನ ಸಾಲಿನಲ್ಲಿ ಅವರು ಮುಂದೆ ನಿಂತಿದ್ದರು. ಅಂಗಿಯಲ್ಲಿ ಒಂದು ಸುಕ್ಕಿಲ್ಲ. ತೋಳಿನ ಮೇಲೆ ಇಸ್ತ್ರಿಯ ಗೆರೆಯೂ ಇಲ್ಲ. ಟವೆಲ್ಲನ್ನು ಸುರುಳಿ ಸುತ್ತಿ ತೋಳಿನೊಳಗೆ ತೂರಿಸಿ, ಅದರ ಮೇಲೆ ಇಸ್ತ್ರಿ ಎಳೆದರೆ ಮಾತ್ರ ಹಾಗೆ ಬರುತ್ತದೆ. ಗಿರಾಕಿಗಳ ಬಟ್ಟೆಗೆ ಯಾರೂ ಅಷ್ಟು ಕಷ್ಟಪಡುವುದಿಲ್ಲ. ಗೆರೆ ಕಂಡರೇ ಅವರಿಗೆ ಸಮಾಧಾನ. ಹೆಂಡತಿ ಹಾಗೆ ಮಾಡುತ್ತಿದ್ದದ್ದು ಒಬ್ಬನ ಅಂಗಿಗೆ, ಗಂಡನ ಅಂಗಿಗೆ. ಅವನು ಹಾಲು ತೆಗೆದುಕೊಳ್ಳದೆ ಮನೆಗೆ ಬಂದಿದ್ದ.

“ಅಂಗಿ ತೋಳು ಸಾಕ್ಷಿ ಆಗಲ್ಲ ರೀ,” ಎಂದರು ವಕೀಲರು.

“ಅವಳನ್ನೇ ಕೇಳಿದೆ ಸಾರ್. ಹೌದು ಅಂದ್ಲು. ಈಗ ಇಲ್ಲ, ಮುಗೀತು ಅಂತಾನೂ ಅಂದ್ಲು.”

“ಗೊತ್ತಾದ ಮೇಲೂ ಒಂದೇ ಮನೇಲಿದ್ದೀರಾ?”

“ಇರೋದೇ ಒಂದು ರೂಮು ಸಾರ್. ನಾನು ಈ ಗೋಡೆಗೆ, ಅವಳು ಆ ಗೋಡೆಗೆ. ಆದ್ರೆ ಅವಳಿಗೆ ಜ್ವರ ಬಂತು. ಒದ್ದೆ ಬಟ್ಟೆ ಹಾಕ್ತಾ ಕೂತಿದ್ದೆ. ಚಳಿ ಅಂದ್ಲು. ಪಕ್ಕದಲ್ಲಿ ಮಲಗಿದೆ.”

“ಬರೀ ಮಲಗಿದ್ದಾ?”

ಅವನು ಕೋಟಿನ ಗುಂಡಿಯನ್ನು ತಿರುವುತ್ತ ಕೂತ. ವಕೀಲರು ಪೆನ್ನಿಗೆ ಮುಚ್ಚಳ ಹಾಕಿದರು.

“ಆ ಕಡೆ ವಕೀಲರು ಇದನ್ನೇ ಹಿಡ್ಕೋತಾರೆ. ಗೊತ್ತಿದ್ದೂ ಸಂಸಾರ ಮಾಡಿದ್ರೆ ಮನ್ನಿಸಿದ ಹಾಗೆ ಅಂತಾರೆ. ಮನ್ನಿಸಿದ್ರೆ ಈ ಕಾರಣಕ್ಕೆ ಡಿವೋರ್ಸ್ ಸಿಗೋದು ಕಷ್ಟ. ಇವತ್ತು ಯೋಚನೆ ಮಾಡಿ. ಮನ್ನಿಸಿಲ್ಲ ಅನ್ನೋದಾದ್ರೆ ನಾಳೆ ಬಂದು ಅರ್ಜಿಗೆ ಸಹಿ ಹಾಕಿ. ಕೋಟು ಕೊಡಿ ಇಲ್ಲಿ.”

ದಾರಿಯುದ್ದಕ್ಕೂ ಅವನು ಅದನ್ನೇ ತಿರುಗಿಸಿ ಮುರುಗಿಸಿ ನೋಡಿದ. ಅವ್ವ ದೀಪದ ಮುಂದೆ ಹಾಡುತ್ತಿದ್ದ ಪದ್ಯಗಳಲ್ಲಿ ಕ್ಷಮೆ ಎಷ್ಟು ಸಲ ಬಂದು ಹೋಗಿತ್ತು! ಬಂದಾಗ ಹೂಮಳೆ ಸುರಿಯುತ್ತಿತ್ತು, ಎಲ್ಲರಿಗೂ ತಿಳಿಯುತ್ತಿತ್ತು. ಜ್ವರದ ಮನೆಯೊಳಗೆ, ಕೊಟ್ಟವನಿಗೇ ತಿಳಿಯದ ಹಾಗೆ ಅದು ಬಂದುಹೋಗುತ್ತದೆಂದು ಯಾವ ಪದ್ಯವೂ ಹೇಳಿರಲಿಲ್ಲ. ಅಕ್ಕ ಫೋನು ಮಾಡಿದಳು. “ಅವಳನ್ನ ಇನ್ನೂ ಮನೇಲೇ ಇಟ್ಕೊಂಡಿದ್ದೀಯೇನೋ? ನಿಂಗೆ ಮಾನ ಮರ್ಯಾದೆ ಇದೆಯಾ?” “ನೋಡೋಣ ಅಕ್ಕಾ,” ಎಂದ. ಏನು ನೋಡುವುದೋ ಅವನಿಗೂ ಗೊತ್ತಿರಲಿಲ್ಲ.

ಅಂಗಡಿಯಲ್ಲಿ ಹೆಂಡತಿ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ತಲೆಯೆತ್ತಲಿಲ್ಲ.

“ಠಾಣೆಗೂ ಹೋಗಿದ್ರಂತೆ.”

“ಹೋಗಿದ್ದೆ.”

“ಹಳೇ ಕಾನೂನಲ್ಲೂ ಹಿಡೀತಿದ್ದದ್ದು ಮೇಷ್ಟ್ರನ್ನೊಬ್ಬರನ್ನೇ ಅಂತೆ. ನನ್ನನ್ನ ಕೇಳೋರೇ ಇರ್ಲಿಲ್ವಂತೆ. ನಾನೇನು ಗಿರಾಕಿ ಬಟ್ಟೇನಾ ರೀ, ಯಾರೋ ಎತ್ಕೊಂಡು ಹೋದ ಅನ್ನೋಕೆ? ಹೋದವಳು ನಾನು. ಬೈಯೋದಿದ್ರೆ ನನ್ನನ್ನ ಬೈರಿ.”

“ನಾಳೆ ಸಹಿ ಹಾಕೋಕೆ ಹೋಗ್ಬೇಕು,” ಎಂದ.

ಅವಳು ಹೊದಿಕೆಯನ್ನು ಮಡಿಸಿಟ್ಟಳು. ಆಮೇಲೆ ಒಳಗಿನಿಂದ ಅವನ ಬಿಳಿ ಅಂಗಿ ತಂದು ಮೇಜಿನ ಮೇಲೆ ಹರಡಿದಳು. ಕಾಲರು, ಬೆನ್ನು, ಎದೆ ಮುಗಿದವು. ತೋಳಿಗೆ ಬಂದಾಗ ಇಸ್ತ್ರಿ ನಿಂತಿತು.

“ಗೆರೆ ಇರ್ಲಾ, ಬೇಡ್ವಾ?”

ಅವಳು ಕಾದು ಕಾದು ಇಸ್ತ್ರಿಯನ್ನು ಎತ್ತಿ ನಿಲ್ಲಿಸಿ, ಪಕ್ಕಕ್ಕೆ ಸರಿದಳು. ಅವನು ಮುಂದೆ ಬಂದು ನಿಂತ. ಹದಿನೆಂಟು ವರ್ಷದಿಂದ ದಿನಕ್ಕೆ ನೂರು ತೋಳು ಒತ್ತಿದ ಕೈ. ಗೆರೆ ಹಾಕಲು ಕಣ್ಣು ಬೇಕಿರಲಿಲ್ಲ. ಇಸ್ತ್ರಿ ಹಿಡಿದ, ಮತ್ತೆ ಕೆಳಗಿಟ್ಟ. ಗೂಟದಲ್ಲಿದ್ದ ಟವೆಲ್ ತೆಗೆದು ಸುತ್ತತೊಡಗಿದ. ಅದು ಒಂದು ಕಡೆ ದಪ್ಪವಾಯಿತು, ಒಂದು ಕಡೆ ಸಡಿಲವಾಯಿತು. ಬಿಚ್ಚಿದ. ಮತ್ತೆ ಸುತ್ತಿದ.

“ಎಷ್ಟು ದಪ್ಪ ಇರ್ಬೇಕು ಇದು?” ಎಂದು ಕೇಳಿದ, ಅವಳ ಮುಖ ನೋಡದೆ.

ಅವಳು ಬಳೆಗಳನ್ನು ಮೇಲಕ್ಕೆ ಸರಿಸಿ, ತನ್ನ ಮುಂಗೈಯನ್ನು ಮೇಜಿನ ಮೇಲೆ, ಅಂಗಿಯ ತೋಳಿನ ಪಕ್ಕದಲ್ಲಿ ಇಟ್ಟಳು. ಅವನು ಸುರುಳಿಯನ್ನು ಅದರ ಪಕ್ಕಕ್ಕೆ ಹಿಡಿದು ನೋಡಿದ. ಇನ್ನೊಂದು ಸುತ್ತು ಸುತ್ತಿ, ಮತ್ತೆ ಹಿಡಿದು ನೋಡಿದ.