ಬಟನ್ ಇಲ್ಲದ್ದು ಕೊಡು

ಅಕ್ಟೋಬರ್‌ನ ಒಂದು ಮಂಗಳವಾರ ಆವ್ರಿಲ್ ಮೇಚಿನ್ ನನ್ನ ಇ-ಸಿಗರೇಟು ಅಂಗಡಿಗೆ ಬಂದು, ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಕೌಂಟರ್ ಮೇಲೆ ಬೋರಲು ಮಾಡಿದಳು. ಮೂರು ಇ-ಸಿಗರೇಟುಗಳು ಉರುಳಿದವು. ಒಂದಕ್ಕೆ ಫೋನಿನ ಹಾಗೆ ಪರದೆ, ಪಕ್ಕದಲ್ಲಿ ಮೂರು ಬಟನ್. ಇನ್ನೊಂದರ ಮೈಯೆಲ್ಲ ಅಂಟು, ಮಾವಿನಹಣ್ಣಿನ ವಾಸನೆ. ಮೂರನೆಯದು ಬಳಸಿ ಬಿಸಾಡುವಂಥದ್ದು, ಜೀವ ಹೋಗಿ ಎಷ್ಟು ದಿನವಾಗಿತ್ತೋ.

"ಲಿನೆಟ್, ಡಕ್, ಇವುಗಳಲ್ಲಿ ಒಂದೂ ನಮ್ಮಣ್ಣನ ಕೈಗೆ ಬಗ್ಗಲಿಲ್ಲ. ಬಟನ್ ಇಲ್ಲದ್ದು, ಲಿಕ್ವಿಡ್ ಹುಯ್ಯೋ ರಗಳೆ ಇಲ್ಲದ್ದು, ಕತ್ತೆಗೂ ಸೇದೋಕೆ ಬರೋ ಅಂಥದ್ದು ಒಂದು ಕೊಡು."

ಇಂಗ್ಲೆಂಡಿನ ನಮ್ಮ ಸ್ಟೋಕ್‌ನಲ್ಲಿ ಪ್ರೀತಿಗೆ ಮೇಯರ್‌ಗೂ ಡಕ್ ಅನ್ನುತ್ತೇವೆ, ಮೀನು ಮಾರುವವನಿಗೂ ಡಕ್ ಅನ್ನುತ್ತೇವೆ. ಆದರೆ ಆವತ್ತು ಆಕೆಯ ಬಾಯಲ್ಲಿ ಆ ಮಾತು ಬೇಡಿಕೊಂಡ ಹಾಗೆ ಕೇಳಿಸಿತು.

"ಬಿಸಾಡೋದು ಹಿಡಿಸಲಿಲ್ವಾ ಅವರಿಗೆ?"

"ಅದೊಂದೇ ಹಿಡಿಸಿದ್ದು! ಸೇದು, ಮುಗಿದ್ರೆ ಎಸಿ. ಜೂನ್‌ನಲ್ಲಿ ಸರ್ಕಾರದೋರು ಅದನ್ನೇ ಬಂದ್ ಮಾಡಿ ಕೂತ್ರಲ್ಲ. ಮಾರನೇ ವಾರದಿಂದ ಮತ್ತೆ ದಿನಕ್ಕೆ ನಲವತ್ತು ಸಿಗರೇಟು. ಹದಿನೈದನೇ ವಯಸ್ಸಿಂದ ಸೇದ್ತಿದಾನೆ, ಈಗ ಎಪ್ಪತ್ತೆರಡು. ನೀನೇ ಗುಣಿಸ್ಕೋ."

ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. ಅಣ್ಣ ಡೆಸ್ ಎರಡು ಸಲ ಕುರ್ಚಿಯ ತೋಳು ಸುಟ್ಟಿದ್ದ. ಆ್ಯಶ್‌ಟ್ರೇ ಪಕ್ಕದಲ್ಲೇ ಇದ್ದರೂ ಉರಿಯುವ ಸಿಗರೇಟನ್ನು ಅದರ ಆಚೆ ಇಟ್ಟುಬಿಡುತ್ತಿದ್ದ. ಒಂದು ದಿನ ಫಿಲ್ಟರ್ ಇದ್ದ ತುದಿಗೇ ಬೆಂಕಿ ಹಚ್ಚಿಕೊಂಡಿದ್ದ. ಸಕ್ಕರೆ ಅಂತ ಉಪ್ಪು ಹಾಕಿಕೊಂಡಿದ್ದ.

"ಮರೆವು ಶುರುವಾಗಿದೆ ಲಿನೆಟ್. ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಅವನ ಹತ್ರ ಹೇಳಬೇಡ, ಪುಣ್ಯ ಬರುತ್ತೆ."

ಆವ್ರಿಲ್‌ಗೆ ಅರವತ್ತೆಂಟು. ಡೆಸ್‌ನ ಹೆಂಡತಿ ತೀರಿಕೊಂಡ ಮೇಲೆ ಅವನ ಮನೆ ನೋಡಿಕೊಳ್ಳಲು ಬಂದವಳು ಅಲ್ಲೇ ಒಂಬತ್ತು ವರ್ಷ ಕಳೆದಿದ್ದಳು. ಶನಿವಾರದ ಡ್ಯಾನ್ಸ್ ಕ್ಲಾಸಿನಲ್ಲಿ ಜೊತೆಯಾದ ರೋಲಂಡ್ ಎಂಬ ವಿಧುರನ ಜೊತೆ ನವೆಂಬರ್ ಕೊನೆಗೆ ಆಕೆಯ ಮದುವೆ ನಿಶ್ಚಯವಾಗಿತ್ತು. ಮದುವೆಯಾಗಿ ವೇಲ್ಸ್‌ನ ಲಾನ್‌ಡಡ್ನೊಗೆ, ಸಮುದ್ರದ ಪಕ್ಕದ ಅವನ ಮನೆಗೆ ಹೋಗಬೇಕು. ಇದು ನಮ್ಮ ಪೇಟೆ ಟನ್‌ಸ್ಟಾಲ್‌ಗೆಲ್ಲ ಗೊತ್ತಿದ್ದ ಸಂಗತಿ.

"ಉರಿಯೋ ಸಿಗರೇಟ್ ಕೈಲಿ ಕೊಟ್ಟು ಅವನೊಬ್ಬನನ್ನೇ ಬಿಟ್ಟು ಹೇಗೆ ಹೋಗಲಿ, ಹೇಳು?"

"ಅವರನ್ನ ಕರ್ಕೊಂಡು ಬನ್ನಿ. ಸೇದೋರನ್ನ ನೋಡದೆ ನಾನು ಏನನ್ನೂ ಕೊಡಲ್ಲ."

"ಹೊರಗೇ ನಿಂತಿದಾನೆ. ಒಳಗೆ ಬರಲ್ಲವಂತೆ."

ಹೊರಗೆ ಹೋದೆ. ಪಕ್ಕದ ಓಟ್ಸ್ ದೋಸೆ ಅಂಗಡಿಯ ಗೋಡೆಗೆ ಒರಗಿ ಡೆಸ್ ಸೇದುತ್ತಿದ್ದ. ತೆಳ್ಳಗಿನ ಉದ್ದ ಆಳು, ಇಸ್ತ್ರಿ ಮಾಡಿದ ಅಂಗಿ, ಹಳದಿಗಟ್ಟಿದ ಬೆರಳು. ನಾನು ಮಾತಾಡಿಸಿದಾಗ ನನ್ನ ಮುಖ ನೋಡದೆ ನನ್ನ ಎಡಗಿವಿಯ ಕಡೆ ನೋಡಿದ. ಎಷ್ಟು ಸೊಕ್ಕು ಅಂದುಕೊಂಡೆ.

"ನಿಮಗೆ ಯಾವ ಥರದ್ದು ಬೇಕು ಡೆಸ್?"

"ನನಗೆ ಬೇಕು ಅಂತ ಯಾರಂದ್ರು? ಅವಳಿಗೆ ಬೇಕು. ಏನು ಕೊಡ್ತೀಯೋ ಕೊಡು. ಕಿವಿ ತಣ್ಣಗಾದ್ರೆ ಸಾಕು. ಹಣ್ಣಿನ ವಾಸನೆ ಮಾತ್ರ ಬೇಡ, ಜಾತ್ರೇಲಿ ಜೆಲ್ಲಿ ತಿಂದ ಹಾಗಿರುತ್ತೆ."

ನಾನು ನನಗೆ ಬಹಳ ಇಷ್ಟವಾದದ್ದನ್ನೇ ಕೊಟ್ಟೆ. ಪರದೆ ಇಲ್ಲ, ಬಟನ್ ಇಲ್ಲ. ಲಿಕ್ವಿಡ್ ಹುಯ್ಯುವುದು ಬೇಡ ಅಂದಿದ್ದಳು ಆವ್ರಿಲ್, ಆದರೆ ಇದರಲ್ಲಿ ಅದೊಂದು ರಗಳೆಯೇ ಅಲ್ಲ ಅಂದುಕೊಂಡೆ. ಪಕ್ಕದ ರಬ್ಬರ್ ಮುಚ್ಚಳ ಎಬ್ಬಿಸಿ ತುಂಬಬೇಕು, ಎಷ್ಟು ಉಳಿದಿದೆ ಅಂತ ಸಣ್ಣ ಕಿಟಕಿಯಲ್ಲಿ ಕಾಣುತ್ತದೆ. ಎರಡೆರಡು ಸಲ ಮಾಡಿ ತೋರಿಸಿದೆ. ಅವನು ಎಲ್ಲಕ್ಕೂ ಹೂಂಗುಟ್ಟಿದ. ಆವ್ರಿಲ್ ನನ್ನ ಕೆನ್ನೆಗೊಂದು ಮುತ್ತಿಟ್ಟು ಹೋದಳು.

ಐದನೆಯ ದಿನ ಡೆಸ್ ಒಬ್ಬನೇ ಬಂದ. ಕೊಟ್ಟಿದ್ದನ್ನು ಕೌಂಟರ್ ಮೇಲಿಟ್ಟು, "ಸುಟ್ಟ ಚಿಂದಿ ಬಟ್ಟೆ ಸೇದಿದ ಹಾಗಿದೆ. ನಿನ್ನ ಹತ್ರವೇ ಇರಲಿ" ಅಂದ.

ಬಿಚ್ಚಿ ನೋಡಿದೆ. ಒಳಗೆ ಒಂದು ಹನಿಯೂ ಇರಲಿಲ್ಲ, ಲಿಕ್ವಿಡ್ ಹೀರುವ ಹತ್ತಿ ಕರಕಲಾಗಿತ್ತು. ಹೊರಗಿನ ಮೈ ಮಾತ್ರ ಲಿಕ್ವಿಡ್‌ನಲ್ಲಿ ತೊಯ್ದಿತ್ತು. ತುಂಬಲು ಹೋಗಿ ತೂತಿನ ಪಕ್ಕದಲ್ಲಿ ಸುರಿದಿದ್ದ.

"ಖಾಲಿಯಾಗಿದ್ದು ಕಿಟಕೀಲಿ ಕಾಣಲಿಲ್ವಾ?"

ಅವನು ಸ್ಟೂಲಿನ ಮೇಲೆ ಕೂತ. ನಾನು ಚಹಾ ಮಾಡಿ ಮುಂದಿಟ್ಟೆ. ಅವನ ಕೈ ಲೋಟದಿಂದ ಒಂದು ಗೇಣು ಆಚೆ ಹೋಯಿತು. ಮೇಜಿನ ಮೇಲೆ ಮೆಲ್ಲಗೆ ತಡವರಿಸಿ ಹಿಂದೆ ಬಂತು, ಹಿಡಿ ಸಿಕ್ಕಿತು. ಚಹಾ ಎಲ್ಲಿವರೆಗಿದೆ ಅಂತ ತೋರುಬೆರಳನ್ನು ಅಂಚಿನೊಳಗೆ ಅದ್ದಿ ನೋಡಿದ. ಅದೆಲ್ಲ ಎಷ್ಟು ನಯವಾಗಿ ನಡೆಯಿತೆಂದರೆ, ಪಕ್ಕದಲ್ಲಿ ಕೂತ ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಡೆಸ್, ನನ್ನ ಮುಖ ಕಾಣುತ್ತಾ ನಿಮಗೆ?"

"ಕಿವಿ ಕಾಣುತ್ತೆ. ಒಳ್ಳೇ ಕಿವಿ" ಅಂದ.

ನಾನು ಬಾಗಿಲಿನ ಬೋರ್ಡನ್ನು 'ಮುಚ್ಚಿದೆ' ಅಂತ ತಿರುಗಿಸಿ ಬಂದೆ. ಆಗ ಅವನು ಹೇಳಿದ್ದು ಇಷ್ಟು. ಎರಡು ವರ್ಷದಿಂದ ದೃಷ್ಟಿಯ ನಡುಮಧ್ಯದಲ್ಲಿ ಏನೂ ಇಲ್ಲ. ಯಾರೋ ಹೆಬ್ಬೆರಳಿಂದ ಒರೆಸಿದ ಹಾಗೆ. ಸುತ್ತಲಿನದು ಕಾಣುತ್ತದೆ, ನೋಡಬೇಕಾದದ್ದು ಕಾಣುವುದಿಲ್ಲ. ಓರೆಯಾಗಿ ನೋಡಿದರೆ ಒಂದಿಷ್ಟು ಸಿಗುತ್ತದೆ. ಕಣ್ಣಿನ ಆಸ್ಪತ್ರೆಗೆ ಗುಟ್ಟಾಗಿ ಹೋಗಿಬಂದಿದ್ದ. ಹೋದದ್ದು ವಾಪಸ್ಸು ಬರುವುದಿಲ್ಲ, ಸಿಗರೇಟು ಬಿಟ್ಟರೆ ಉಳಿದದ್ದು ಹೆಚ್ಚು ದಿನ ಉಳಿಯಬಹುದು ಅಂತ ಡಾಕ್ಟರು ಹೇಳಿದ್ದರು.

"ಆವ್ರಿಲ್‌ಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವಳು ಹೋಗ್ತಾಳಾ? ಒಂಬತ್ತು ವರ್ಷ ನನ್ನ ಕಾಲುಚೀಲ ಒಗೆದಿದಾಳೆ. ಈಗ ಒಬ್ಬ ಸಿಕ್ಕಿದಾನೆ. ಬೋಳು ತಲೆ, ಮಾತು ಜಾಸ್ತಿ, ಆದ್ರೂ ಒಳ್ಳೇವ್ನು. ಮೊದಲು ಮದುವೆಯಾಗಿ ಹೋಗಲಿ. ಆಮೇಲೆ ನನ್ನ ಪಾಡು ನಾನು ನೋಡ್ಕೋತೀನಿ. ನೀನು ಬಾಯಿ ಬಿಡಬೇಡ."

ನಾನು ಮಾತು ಕೊಡಲಿಲ್ಲ. ಮೊದಲು ಇವನಿಗೆ ಸರಿಯಾದದ್ದು ಹುಡುಕೋಣ ಅಂದುಕೊಂಡು, ಅಂಗಡಿಯಲ್ಲಿದ್ದ ಹನ್ನೆರಡು ಬಗೆಯವನ್ನು ಕೌಂಟರ್ ಮೇಲೆ ಸಾಲಾಗಿ ಇಟ್ಟೆ. ಕೊರಳ ಸ್ಕಾರ್ಫ್ ಬಿಚ್ಚಿ ಕಣ್ಣಿಗೆ ಕಟ್ಟಿಕೊಂಡೆ. ಆರು ವರ್ಷದಿಂದ ಇವನ್ನು ಮಾರುತ್ತಿದ್ದೇನೆ, ಯಾವುದು ಸುಲಭ ಅಂತ ದಿನವೂ ಜನಕ್ಕೆ ಹೇಳುತ್ತೇನೆ. ಕಣ್ಣು ಕಟ್ಟಿದ ಮೇಲೆ ನನ್ನ ಸುಲಭಗಳೆಲ್ಲ ಒಂದೊಂದಾಗಿ ಕೈಕೊಟ್ಟವು. ತುಂಬುವ ತೂತು ಸಿಗಲಿಲ್ಲ, ಲಿಕ್ವಿಡ್ ತೋಳಿಗೆ ಇಳಿಯಿತು. ಒಂದರ ತಲೆ ಬಿಚ್ಚಿದ ಮೇಲೆ ಮೇಲ್ಗಡೆ ಯಾವುದು, ಕೆಳಗಡೆ ಯಾವುದು ಗೊತ್ತಾಗಲಿಲ್ಲ. ಇನ್ನೊಂದು ಕೈಜಾರಿ ನೆಲಕ್ಕೆ ಬಿತ್ತು.

ಡೆಸ್ ನಕ್ಕಿದ್ದನ್ನು ಮೊದಲ ಸಲ ಕೇಳಿದೆ. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ಸರಿ, ಇತ್ತ ಕೊಡು ಡಕ್. ಅದು ನಿನ್ನ ಕೆಲಸ ಅಲ್ಲ."

ನಲವತ್ತು ವರ್ಷ ಪಿಂಗಾಣಿ ಕಾರ್ಖಾನೆಯಲ್ಲಿ ಕಪ್ಪುಗಳಿಗೆ ಹಿಡಿ ಅಂಟಿಸಿದ ಕೈ ಅದು. ಒಂದೊಂದನ್ನೂ ಎತ್ತಿ ತಿರುಗಿಸಿ, ಅಂಚಿನ ಮೇಲೆ ಹೆಬ್ಬೆರಳು ಓಡಿಸಿದ. "ಇದರ ಜೋಡಣೆ ಸರಿಯಿಲ್ಲ, ನಮ್ಮ ಫೋರ್‌ಮನ್ ಆಗಿದ್ರೆ ಗೋಡೆಗೆ ಹೊಡೆದು ಹಾಕ್ತಿದ್ದ." ಪಕ್ಕಕ್ಕೆ. "ಇದು ತೀರಾ ಸಣ್ಣದು, ಕುರ್ಚಿ ಸಂದಿಲಿ ಬಿದ್ರೆ ಮುಗೀತು." ಪಕ್ಕಕ್ಕೆ. ಏಳನೆಯದರಲ್ಲಿ ಅವನ ಕೈ ನಿಂತಿತು. ಅದು ಚಪ್ಪಟೆ, ಹಿಡಿಯಷ್ಟು ಉದ್ದ. ಲಿಕ್ವಿಡ್ ಮೊದಲೇ ತುಂಬಿ ಮುಚ್ಚಿದ ಸಣ್ಣ ಡಬ್ಬಿ ಬರುತ್ತದೆ, ಹತ್ತಿರ ಹಿಡಿದರೆ ಅಯಸ್ಕಾಂತ ಎಳೆದು ಟಕ್ ಅಂತ ಕೂರಿಸಿಕೊಳ್ಳುತ್ತದೆ. ಯಾವ ಕಡೆ ತಿರುಗಿಸಿ ಹಾಕಿದರೂ ಕೂರುತ್ತದೆ. ಸೇದಿದರೆ ತಾನೇ ಹತ್ತುತ್ತದೆ, ಬಿಟ್ಟರೆ ತಾನೇ ಆರುತ್ತದೆ. ಚಾರ್ಜ್ ಮಾಡುವ ತಂತಿಗೂ ಉಲ್ಟಾ ಸುಲ್ಟಾ ಇಲ್ಲ.

"ಚಾರ್ಜ್ ಮುಗಿದಿದ್ದು ಹೇಗೆ ಗೊತ್ತಾಗುತ್ತೆ? ದೀಪ ಗೀಪ ಅನ್ನಬೇಡ."

"ಇಂಥವೇ ಎರಡು ಇಟ್ಕೊಳ್ಳಿ. ಒಂದು ಜೇಬಲ್ಲಿ, ಒಂದು ತಂತೀಲಿ. ಬೆಳಿಗ್ಗೆ ತಿಂಡಿಗೆ ಕೂತಾಗ ಅದಲು ಬದಲು. ಡಬ್ಬಿ ಬೆಳಿಗ್ಗೆ ಒಂದು ಹೊಸದು, ಮೂರು ಗಂಟೆ ಚಹಾಕ್ಕೆ ಇನ್ನೊಂದು. ಹಳೇದು ಖಾಲಿಯಾಗಿದೆಯೋ ಇಲ್ವೋ ನೋಡೋ ಗೋಜೇ ಬೇಡ. ನಡುವೆ ರುಚಿ ತೆಳ್ಳಗಾಯ್ತು ಅನ್ನಿಸಿದ್ರೆ ಆಗಲೇ ಬದಲಾಯಿಸಿ, ಸುಡೋ ತನಕ ಕಾಯಬೇಡಿ."

ತಂಬಾಕಿನ ರುಚಿಯದು, ನಿಕೋಟಿನ್ ಕಾನೂನು ಬಿಡುವಷ್ಟು ಜೋರಿನದು ಹಾಕಿಕೊಟ್ಟೆ. ನಲವತ್ತು ಸೇದುವವರಿಗೆ ಕಡಿಮೆಯದು ಕೊಟ್ಟರೆ ಸಂಜೆಯೊಳಗೆ ಸಿಗರೇಟು ಹುಡುಕಿಕೊಂಡು ಹೋಗುತ್ತಾರೆ. ಸಿಗರೇಟಿನ ಹಾಗೆ ಜೋರಾಗಿ ಎಳೆದು ಕೆಮ್ಮಿದ.

"ಮೆಲ್ಲಗೆ. ಬಿಸಿ ಚಹಾ ಸುರ್ ಅಂತ ಎಳೀತೀರಲ್ಲ, ಹಾಗೆ."

ಎರಡನೆಯ ಸಲ ಮೆಲ್ಲಗೆ ಎಳೆದ. ಹೆಗಲು ಸ್ವಲ್ಪ ಇಳಿಯಿತು. "ಸಿಗರೇಟ್ ಅಲ್ಲ ಇದು" ಅಂದ. ಇನ್ನೊಮ್ಮೆ ಎಳೆದು, "ಆದ್ರೂ ಬೈಯೋ ಹಾಗಿಲ್ಲ" ಅಂದ.

ಆಗ ನನಗೆ ತಡೆಯಲಾಗಲಿಲ್ಲ. ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಹೇಳುವವಳಲ್ಲ ನಾನು. ಆದರೆ ಎರಡು ಗುಟ್ಟೂ ನನ್ನ ಹತ್ತಿರವೇ ಇದ್ದವು, ಒಂದು ಇನ್ನೊಂದನ್ನು ತಿನ್ನುತ್ತಿತ್ತು.

"ಡೆಸ್, ಕುರ್ಚಿ ಸುಟ್ಟಿದ್ದು, ಉಪ್ಪು ಹಾಕ್ಕೊಂಡಿದ್ದು, ಇದೆಲ್ಲ ನೋಡಿ ಆವ್ರಿಲ್ ಏನು ತಿಳ್ಕೊಂಡಿದಾಳೆ ಗೊತ್ತಾ ನಿಮಗೆ? ನಿಮಗೆ ಮರೆವು ಹತ್ತಿದೆ ಅಂತ. ನಿಮ್ಮಮ್ಮನ ಥರ."

ಅವನು ಕೈಲಿದ್ದುದನ್ನು ಕೌಂಟರ್ ಮೇಲಿಟ್ಟ.

"ಅಮ್ಮನ ಥರಾನಾ?"

"ಹೂಂ."

ಅವರಮ್ಮ ಕೊನೆಕೊನೆಗೆ ಮಕ್ಕಳಿಬ್ಬರನ್ನೂ ಬಾಡಿಗೆ ಕೇಳಲು ಬಂದವರು ಅಂತ ಹೊರಗೆ ಅಟ್ಟುತ್ತಿದ್ದಳಂತೆ. ಅದನ್ನು ಹೇಳಿ ಡೆಸ್ ಮುಖ ಒರೆಸಿಕೊಂಡ. ಆಮೇಲೆ ಜೇಬಿನಿಂದ ಫೋನ್ ತೆಗೆದು, ದೊಡ್ಡ ಅಂಕಿಗಳನ್ನು ಮುಟ್ಟಿ ಮುಟ್ಟಿ ಒತ್ತಿದ. "ಆವ್ರಿಲ್, ಲಿನೆಟ್ ಅಂಗಡಿಗೆ ಬಾ. ಈಗಲೇ. ಇಲ್ಲ, ಸತ್ತಿಲ್ಲ. ಬಾ."

ಆಕೆ ಹೇರ್ ಡ್ರೆಸರ್ ಹತ್ತಿರದಿಂದಲೇ ಓಡಿ ಬಂದಳು, ಅರ್ಧ ಕೂದಲು ಒದ್ದೆ, ಕೊರಳಲ್ಲಿ ಅವರ ಟವೆಲ್. ಡೆಸ್ ಎದ್ದು ನಿಂತು, ಆಕೆಯ ಕಿವಿಯ ಕಡೆ ನೋಡುತ್ತ ಎಲ್ಲವನ್ನೂ ಹೇಳಿದ. ಸುತ್ತಿ ಬಳಸಲಿಲ್ಲ.

"ಎರಡು ವರ್ಷ!" ಆವ್ರಿಲ್ ಕಿರುಚಿದಳು. "ಎರಡು ವರ್ಷ ನನ್ನ ಎದುರು ಪೇಪರ್ ಹಿಡ್ಕೊಂಡು ಕೂತಿರ್ತಿದ್ದಲ್ಲೋ!"

"ಹೆಡ್‌ಲೈನ್ ಕಾಣ್ತಿತ್ತು."

"ಕಣ್ಣು ಕಾಣಲ್ಲ ಅನ್ನೋಕೆ ಬಾಯಿರಲಿಲ್ವಾ ನಿನಗೆ? ಬಾಯಿ ತುಂಬ ಹೊಗೆ ಇತ್ತಾ? ಅಮ್ಮನ ಹಾಗಾಗ್ತಿದೀಯ ಅಂತ ನಾನು ದಿನಾ ಬಾತ್‌ರೂಮ್‌ನಲ್ಲಿ ಅಳ್ತಿದ್ದೆ, ಗೊತ್ತಾ?"

ಸ್ಟೂಲಿನ ಮೇಲೆ ಕುಸಿದು ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡೆವು. ಅಳುತ್ತಲೇ ಇದ್ದಳು, ಆದರೆ ಒಳಗಿಂದ ನಗುವೂ ಬರುತ್ತಿತ್ತು. "ಕಣ್ಣು ಅಷ್ಟೇನಾ? ದೇವರೇ, ಬರೀ ಕಣ್ಣು!"

"ಬರೀ ಕಣ್ಣಂತೆ. ನಾನು ಕುರುಡಾದೆ ಅಂತ ಖುಷಿ ಪಡ್ತಿದಾಳೆ ನೋಡು ಲಿನೆಟ್, ನನ್ನ ಒಡಹುಟ್ಟಿದವಳು."

"ಮೊನ್ನೆ ರೋಲಂಡ್‌ಗೆ ಹೇಳಿಬಿಟ್ಟೆ, ಮದುವೆ ಬೇಡ ಅಂತ" ಅಂದಳು ಆವ್ರಿಲ್. ಟವೆಲ್ ಇನ್ನೂ ಮುಖದ ಮೇಲಿತ್ತು.

ಡೆಸ್ ತನ್ನ ಫೋನನ್ನು ಆಕೆಯ ದನಿ ಬಂದ ಕಡೆ ಚಾಚಿದ. "ತಗೋ. ಬೇಕು ಅಂತ ಹೇಳು."

ಆ ಮಧ್ಯಾಹ್ನ ಆಕೆ ಫೋನ್ ಮಾಡಲಿಲ್ಲ. ಮೊದಲು ಅಣ್ಣ ಒಬ್ಬನೇ ಇರಬಲ್ಲನೋ ನೋಡಬೇಕು ಅಂದಳು. ಡೆಸ್‌ಗೆ ಮೊದಲ ವಾರ ಕಷ್ಟವೇ ಆಯಿತು. ಮೊದಲ ದಿನ ಹನ್ನೊಂದು ಸಿಗರೇಟು ಸೇದಿದನಂತೆ, ಎರಡನೆಯ ದಿನ ಆರು, ಮೂರನೆಯ ದಿನ ಸಿಟ್ಟು ಬಂದು ಹದಿನಾಲ್ಕು. "ಹೋಗಲಿ ಬಿಡಿ. ನಾಳೆ ತಿಂಡಿಗೆ ಮತ್ತೆ ಅದಲು ಬದಲು ಮಾಡಿ" ಅಂತ ಫೋನಿನಲ್ಲಿ ಹೇಳಿದೆ. ಮೂರನೆಯ ವಾರದ ಹೊತ್ತಿಗೆ ಮನೆಯಲ್ಲಿ ಸಿಗರೇಟು ಇರಲಿಲ್ಲ. ದೃಷ್ಟಿ ಕಡಿಮೆಯಾದವರಿಗೆ ನೆರವಾಗುವ ಸಂಸ್ಥೆಯ ಹೆಂಗಸೊಬ್ಬಳು ಬಂದು ಒಲೆಯ ತಿರುಗಣೆಗಳ ಮೇಲೆ ಉಬ್ಬು ಚುಕ್ಕೆ ಅಂಟಿಸಿ, ಬಿಳಿ ಕೋಲು ಹಿಡಿದು ನಡೆಯಲು ಕಲಿಸಿದಳು. ಆವ್ರಿಲ್ ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತು, ಅಣ್ಣ ಬೇಕನ್ ಹುರಿಯುವುದನ್ನು ನೋಡಿದಳು. ಒಂದು ತುಂಡು ಸೀದಿತ್ತು, ಉಳಿದವು ಸರಿಯಾಗಿದ್ದವು. ಆಮೇಲೆ ರೋಲಂಡ್‌ಗೆ ಫೋನ್ ಮಾಡಿದಳು.

ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಡೆಸ್ ಬಸ್ಸಿಳಿದು, ಕೋಲು ಆಡಿಸುತ್ತ ಅಂಗಡಿಗೆ ಬಂದ. ಮದುವೆಯ ಸುದ್ದಿ ಹೇಳಿದ. ತಂಗಿಯ ಕೈಹಿಡಿದು ರೋಲಂಡ್‌ನ ಹತ್ತಿರ ಕರೆದುಕೊಂಡು ಹೋಗಬೇಕಾದವನು ಅವನು. ನಡೆಸಿಕೊಂಡು ಹೋದದ್ದು ಅವಳಂತೆ, ಮೆಟ್ಟಿಲು ಬಂದಾಗಲೆಲ್ಲ ಮೊಣಕೈಯಲ್ಲಿ ತಿವಿಯುತ್ತ.

"ಆಮೇಲೆ ಹೊರಗೆ ಎಲ್ಲರೂ ಸೇದ್ತಾ ನಿಂತಿದ್ರು. ಯಾರೋ ಒಂದು ಕೊಟ್ರು. ಸೇದಿದೆ ಲಿನೆಟ್. ಸುಳ್ಳು ಹೇಳಲ್ಲ. ಚೆನ್ನಾಗಿರಲಿಲ್ಲ ಅಂತಾನೂ ಹೇಳಲ್ಲ."

"ಆಮೇಲೆ?"

"ಆಮೇಲೆ ಅವಳು ಹೋದ್ಲು. ಮಾರನೇ ದಿನ ಎದ್ದೆ, ಮನೇಲಿ ಯಾರೂ ಇಲ್ಲ. ಚಹಾ ಮಾಡ್ದೆ. ಅಂಗಡಿಗೆ ಹೋಗಿ ಒಂದು ಪ್ಯಾಕ್ ತರಲೇ ಅಂತ ಬಹಳ ಹೊತ್ತು ಬಾಗಿಲಲ್ಲಿ ನಿಂತಿದ್ದೆ." ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. "ಮಳೆ ಬರ್ತಿತ್ತು. ಹೋಗಲಿಲ್ಲ. ಆಮೇಲೆ ಅವಳ ಫೋನ್ ಬಂತು, ಒಂದು ಗಂಟೆ ಬೈದ್ಲು."

ಅವನಿಗೆ ಡಬ್ಬಿಗಳನ್ನು ಕಟ್ಟಿಕೊಟ್ಟೆ. ಅವನು ಚೀಲದೊಳಗೆ ಕೈಹಾಕಿ ಒಂದೊಂದನ್ನೂ ಮುಟ್ಟಿ ಎಣಿಸಿ, ಕೋಟಿನ ಒಳಜೇಬಿಗೆ ಸೇರಿಸಿ, ಹನ್ನೊಂದೂವರೆ ಬಸ್ಸಿಗೆ ಹೊರಟ.